ಸ್ಪಂಜಿಗೆ ನಿವೃತ್ತಿ ಕೊಟ್ಟ ಓತಾ

"ಇಡೀ ಪ್ರೆರೊವ್ ಊರಿಗೆ ಮೂವತ್ತೊಂದು ವರ್ಷ ನೀರು ಕುಡಿಸಿದವನು ನಾನು! ನೀರು ಸೋಸೋದು ಹೇಗೆ ಅಂತ ಒಂದು ಸ್ಪಂಜಿನ ಹತ್ತಿರ ಪಾಠ ಹೇಳಿಸಿಕೊಳ್ಳಬೇಕಾ?"

ಗುರುವಾರ ಬೆಳಿಗ್ಗೆ ಹೆಂಡತಿ ಬೊಜೆನಾ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಓತಾ ಕ್ರೆಪೆಲ್ಕಾ ಹೀಗೆ ಗುಡುಗಿದ. ಊರಿನ ಪಂಪ್‌ಹೌಸಿನಿಂದ ನಿವೃತ್ತನಾಗಿ ಎರಡು ವರ್ಷವಾಗಿದ್ದರೂ, ಮೂರು ಮೋಟಾರುಗಳ ಸದ್ದನ್ನು ಮೀರಿ ಕೂಗುವ ಅಭ್ಯಾಸ ಅವನ ಗಂಟಲನ್ನು ಬಿಟ್ಟಿರಲಿಲ್ಲ.

"ಪಾಠ ಬೇಡ," ಎಂದಳು ಬೊಜೆನಾ. "ಮುಟ್ಟದೇ ಇದ್ದರೆ ಸಾಕು."

ಮಾತು ಬಂದದ್ದು ಉತ್ತರದ ಕೋಣೆಯ ಬಗ್ಗೆ. ಮೂರನೇ ಮಹಡಿಯ ಆ ಮನೆಯಲ್ಲಿ ಆ ಒಂದು ಕೋಣೆಗೆ ಆರು ಚಳಿಗಾಲಗಳಿಂದ ಹೀಟರು ಹಾಕಿರಲಿಲ್ಲ. ಅಲ್ಲಿ ಬೊಜೆನಾಳ ನ್ಯೂಟ್‌ಗಳಿದ್ದವು. ನೋಡಲು ಹಲ್ಲಿ, ಸಂಬಂಧದಲ್ಲಿ ಕಪ್ಪೆಯ ದಾಯಾದಿ. ಕಪ್ಪು ಮೈಗೆ ಹಾಲು ಚೆಲ್ಲಿದಂಥ ಮಚ್ಚೆ, ಬೆನ್ನಿನುದ್ದಕ್ಕೂ ಕಿತ್ತಳೆ ಬಣ್ಣದ ಗೆರೆ. ಇರಾನಿನ ಬೆಟ್ಟದ ಕೆಲವೇ ಕೆಲವು ತೊರೆಗಳಲ್ಲಿ ಉಳಿದುಕೊಂಡಿರುವ ಈ ಜೀವಿಗಳಿಗೆ ತಣ್ಣನೆ ನೀರು ಬೇಕು, ಮಂದ ಬೆಳಕು ಬೇಕು, ಮುಖ್ಯವಾಗಿ ಯಾರೂ ತಂಟೆಗೆ ಬರಬಾರದು. ಐದು ವರ್ಷ ಅವು ಇಟ್ಟ ಮೊಟ್ಟೆಗಳೆಲ್ಲ ಬೂಷ್ಟು ಹಿಡಿದು ಹೋದವು. ಐದು ವರ್ಷವೂ ಬೊಜೆನಾ ಒಂದು ಮಾತಾಡದೆ ತೊಟ್ಟಿ ತೊಳೆದು ಮತ್ತೆ ಕಾದಳು. ಆರನೇ ವರ್ಷ ಮೊಟ್ಟೆ ಒಡೆದು ನಲವತ್ಮೂರು ಮರಿಗಳು ಬಂದವು! ಬೆರಳಿನ ಒಂದು ಗೆಣ್ಣಿನಷ್ಟುದ್ದ, ಕತ್ತಿನ ಎರಡು ಬದಿಗೂ ಗರಿಯಂಥ ಕಿವಿರು. ಸೋಮವಾರ ಮೃಗಾಲಯದ ಡಾಕ್ಟರ್ ಹಾವ್ಲೋವಾ ಖುದ್ದಾಗಿ ಬಂದು ಅವನ್ನು ತಮ್ಮ ಸಂತಾನಾಭಿವೃದ್ಧಿ ಕೇಂದ್ರಕ್ಕೆ ಒಯ್ಯುವವರಿದ್ದರು. ಅವರು ಬರೆದ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಕಾಫಿ ಮಾಡುವಾಗಲೆಲ್ಲ ಬೊಜೆನಾ ಅದನ್ನು ಓದದಂತೆ ನಟಿಸುತ್ತಾ ಓದುತ್ತಿದ್ದಳು.

ಈ ನಲವತ್ಮೂರು ರಾಜಕುಮಾರರ ತೊಟ್ಟಿಗೆ ಇದ್ದ ಶುದ್ಧೀಕರಣ ವ್ಯವಸ್ಥೆ ಎಂದರೆ ಒಂದು ಮುಷ್ಟಿ ಸ್ಪಂಜು. ಅದರ ನಡುವೆ ಒಂದು ಕೊಳವೆ, ಕೊಳವೆಯೊಳಗೆ ಸಣ್ಣ ಗಾಳಿ ಪಂಪಿನಿಂದ ಗುಳುಗುಳು ಏಳುವ ಗುಳ್ಳೆಗಳು. ಅಷ್ಟೇ!

"ಅದು ಕೊಳೆತು ಕಪ್ಪಗಾಗಿದೆ ಬೊಜೆನಾ!"

"ಆ ಕೊಳೆಯೇ ಓತಾ, ನೀರು ತೊಳೆಯೋದು. ಅದರೊಳಗಿರೋ ಸೂಕ್ಷ್ಮಜೀವಿಗಳು ಮರಿಗಳ ಉಚ್ಚೆಯಲ್ಲಿರೋ ವಿಷವನ್ನ ತಿಂದುಕೊಂಡು ಬದುಕ್ತವೆ. ಸ್ಪಂಜು ಬರೀ ಅವುಗಳ ಮನೆ."

"ಕೊಳೆಯಿಂದ ತೊಳೆಯೋದು! ಪಂಪ್‌ಹೌಸಿನಲ್ಲಿ ಈ ಮಾತು ಆಡಿದ್ದರೆ ನನ್ನನ್ನ ಹುಚ್ಚಾಸ್ಪತ್ರೆಗೆ ಕಳಿಸ್ತಿದ್ದರು."

"ಈಗಲೂ ತಡವಾಗಿಲ್ಲ," ಎಂದು ಬೊಜೆನಾ ಚೀಲ ಎತ್ತಿಕೊಂಡಳು. ಜ್ಲೀನ್‌ನಲ್ಲಿ ಅವಳ ತಂಗಿಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಭಾನುವಾರದವರೆಗೆ ಅವಳು ಅಲ್ಲಿರಬೇಕಿತ್ತು. ಬಾಗಿಲಲ್ಲಿ ತಿರುಗಿ ನಿಂತು ಹೇಳಿದಳು: "ಬೆಳಿಗ್ಗೆ ಸಂಜೆ ಊಟ ಹಾಕು. ಬೇರೆ ಏನೂ ಮಾಡಬೇಡ. ಏನೂ ಮಾಡದೇ ಇರೋದು ನಿನಗೆ ಕಷ್ಟ ಅಂತ ಗೊತ್ತು. ನನಗೋಸ್ಕರ ಮಾಡು."

ಆದರೆ ಬೊಜೆನಾಗೆ ತಿಳಿಯದ ಸಂಗತಿಯೊಂದು ನೆಲಮಾಳಿಗೆಯಲ್ಲಿ ಹಳೆಯ ಸ್ಕೀ ಹಲಗೆಗಳ ಹಿಂದೆ ಕಂಬಳಿ ಹೊದ್ದು ಕೂತಿತ್ತು. ಬಕೀಟಿನಾಕಾರದ ಕಪ್ಪು ಡಬ್ಬ, ಒಳಗೆ ಮೂರು ಅಂತಸ್ತಿನ ಜರಡಿ, ಮುಚ್ಚಳದಲ್ಲಿ ಮೋಟಾರು, ಎರಡು ದಪ್ಪ ಪೈಪು, ಅವನ್ನು ಮುಚ್ಚಲು ಎರಡು ನೀಲಿ ಹಿಡಿ. ಒಂದು ಪೈಪು ನೀರನ್ನು ಎಳೆದುಕೊಳ್ಳುತ್ತದೆ, ಇನ್ನೊಂದು ಸೋಸಿ ಹಿಂದಕ್ಕೆ ಕೊಡುತ್ತದೆ. ಗಂಟೆಗೆ ಸಾವಿರದ ಇನ್ನೂರು ಲೀಟರು! ತೊಟ್ಟಿಯಲ್ಲಿದ್ದದ್ದು ಒಟ್ಟು ಎಂಬತ್ತು ಲೀಟರು ಎಂಬ ಚಿಕ್ಕ ಲೆಕ್ಕ ಓತಾನ ದೊಡ್ಡ ತಲೆಗೆ ಹೊಳೆಯಲಿಲ್ಲ.

ಗುರುವಾರವಿಡೀ ಅವನು ಏನೂ ಮಾಡದೆ ಇದ್ದ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಶಕ್ತಿ ಮುಗಿಯಿತು.

ಅವನ ಮನಸ್ಸಿನಲ್ಲಿ ದೃಶ್ಯವೊಂದು ತಯಾರಾಗಿತ್ತು. ಸೋಮವಾರ ಡಾಕ್ಟರ್ ಹಾವ್ಲೋವಾ ಒಳಗೆ ಬರುತ್ತಾರೆ. ತೊಟ್ಟಿಯ ನೀರನ್ನು ನೋಡಿ ಬೆರಗಾಗುತ್ತಾರೆ. "ಇದನ್ನು ಕೂರಿಸಿದ ಮಹಾಶಯರು ಯಾರು?" ಬೊಜೆನಾ ಕಣ್ತುಂಬಿಕೊಂಡು ಗಂಡನ ಕಡೆ ಕೈ ತೋರಿಸುತ್ತಾಳೆ!

ಓತಾ ಗಾಳಿ ಪಂಪನ್ನು ಕಿತ್ತ. ಸ್ಪಂಜನ್ನು ಹೊರಗೆಳೆದು ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿದು, ಪಾತ್ರೆ ತೊಳೆಯುವ ಸೋಪು ಹಾಕಿ, ಒಳಗಿನ ಕೊಳೆಯೆಲ್ಲ ಹೋಗಿ ಹಳದಿ ಬಣ್ಣ ಬರುವವರೆಗೆ ಹಿಂಡಿದ. ಹನ್ನೊಂದೂವರೆಗೆ ಡಬ್ಬ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಪಟ್ಟಾಭಿಷಿಕ್ತವಾಯಿತು. ಸ್ವಿಚ್ಚು ಒತ್ತಿದ. ಗುಯ್ ಎಂದಿತು. ಅರ್ಧ ಗಂಟೆಯಲ್ಲಿ ನೀರು ಎಷ್ಟು ತಿಳಿಯಾಯಿತೆಂದರೆ, ತೊಟ್ಟಿಯಲ್ಲಿ ನೀರಿದೆಯೇ ಎಂದು ಬೆರಳು ಅದ್ದಿ ನೋಡಬೇಕಾಯಿತು! ಮರಿಗಳು ಬಟ್ಟೆ ಒಗೆಯುವ ಯಂತ್ರದೊಳಗಿನ ಕಾಲುಚೀಲಗಳಂತೆ ಗಿರಗಿರನೆ ಸುತ್ತುತ್ತಿದ್ದವು.

"ಆಡ್ರಪ್ಪಾ ಆಡ್ರಿ!" ಎಂದು ಓತಾ ಪ್ರೀತಿಯಿಂದ ಹೇಳಿ, ಮಾಂಸದ ಗೂಲಾಷ್ ಸಾರು ಬಿಸಿಮಾಡಿಕೊಂಡು ತಿಂದು, ಟಿವಿಯ ಹಾಕಿ ಪಂದ್ಯದ ಮುಂದೆ ಕೂತು, ಎರಡನೇ ಗೋಲಿಗೆ ಮೊದಲೇ ನಿದ್ದೆ ಹೋದ.

ಎಚ್ಚರವಾದಾಗ ಮೂರು ಗಂಟೆ. ಕಣ್ಣುಜ್ಜಿಕೊಂಡು ಕೋಣೆಗೆ ಹೋದ. ನೀರು ಸ್ಫಟಿಕದಂತಿತ್ತು. ಒಂದೊಂದು ಕಲ್ಲೂ ಕಾಣುತ್ತಿತ್ತು. ಒಂದೊಂದು ಎಲೆಯ ನರವೂ ಕಾಣುತ್ತಿತ್ತು.

ಮರಿಗಳು ಮಾತ್ರ ಕಾಣುತ್ತಿರಲಿಲ್ಲ.

ಕಲ್ಲು ಎತ್ತಿದ. ಇಲ್ಲ. ಎಲೆ ಸರಿಸಿದ. ಇಲ್ಲ. ಟಾರ್ಚು ತಂದ. ನೀರೆಳೆಯುವ ಪೈಪಿನ ತುದಿಯಲ್ಲಿ ಜಾಲರಿಯಿತ್ತು. ಆದರೆ ಅದರ ಸೀಳುಗಳು ಎಷ್ಟು ಅಗಲವೆಂದರೆ ಪೆನ್ಸಿಲ್ ತೂರುತ್ತಿತ್ತು. ಒಂದು ಸೀಳಿನಲ್ಲಿ ಒಂದೇ ಒಂದು ಮರಿ ಹಿಂಗಾಲು ಸಿಕ್ಕಿಹಾಕಿಕೊಂಡು, ಬಿರುಗಾಳಿಗೆ ಸಿಕ್ಕ ಬಾವುಟದಂತೆ ಬಡಿದುಕೊಳ್ಳುತ್ತಿತ್ತು. ಮಿಕ್ಕ ನಲವತ್ತೆರಡು ಯಾವ ದಾರಿ ಹಿಡಿದವೆಂದು ಹೇಳಲು ಇಂಜಿನಿಯರು ಬೇಕಿರಲಿಲ್ಲ.

ಅದೇ ಕ್ಷಣ ಫೋನು ರಿಂಗಣಿಸಿತು. ಬೊಜೆನಾ!

"ಹೇಗಿವೆ ಮರಿಗಳು?"

"ಬಹಳ... ಬಹಳ ಶಾಂತವಾಗಿವೆ."

"ಊಟ ಮಾಡಿದವಾ?"

"ಒಂದೂ ತಕರಾರು ಮಾಡಲಿಲ್ಲ."

"ಅದೇನದು ಗುಯ್ ಅಂತ?"

"ಫ್ರಿಜ್ಜು."

ಮದುವೆಯಾಗಿ ಮೂವತ್ತಾರು ವರ್ಷವಾದ ಗಂಡಸಿಗೆ ಆಮೇಲೆ ಬಂದ ದನಿ ಗೊತ್ತು.

"ಓತಾ," ಎಂದಳು ಬೊಜೆನಾ ನಿಧಾನವಾಗಿ, "ಗುಯ್ ಕೇಳಿಸ್ತಿದೆ, ಸರಿ. ಗುಳುಗುಳು ಯಾಕೆ ಕೇಳಿಸ್ತಿಲ್ಲ?"

"ಲೈನು ಸರಿಯಿಲ್ಲ ಅನ್ಸುತ್ತೆ, ಬೊಜೆನಾ—"

"ತಂಗಿ ಎದ್ದು ಓಡಾಡ್ತಿದ್ದಾಳೆ. ನಾನು ನಾಲ್ಕರ ರೈಲು ಹಿಡೀತೀನಿ. ಐದೂವರೆಗೆ ಮನೆಯಲ್ಲಿರ್ತೀನಿ." ಫೋನು ಕಟ್ಟಾಯಿತು.

ಎರಡೂವರೆ ಗಂಟೆ! ಓತಾ ಪ್ಲಗ್ಗು ಕಿತ್ತ. ಮೋಟಾರು ನಿಂತಿತು. ನಿಂತ ಕೂಡಲೇ ಇನ್ನೊಂದು ಹೆದರಿಕೆ ಶುರುವಾಯಿತು. ಮರಿಗಳು ಒಳಗೆ ಇನ್ನೂ ಬದುಕಿದ್ದರೆ? ನೀರು ಹರಿಯದಿದ್ದರೆ ಮುಚ್ಚಿದ ಡಬ್ಬದಲ್ಲಿ ಉಸಿರುಕಟ್ಟುತ್ತದೆ. ಮತ್ತೆ ಹರಿಸಿದರೆ ಇನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಮೊದಲು ಜಾಲರಿಯ ಮರಿಯನ್ನು ಮೆಲ್ಲಗೆ ಬಿಡಿಸಿ ತೊಟ್ಟಿಗೆ ಬಿಟ್ಟ. ಕಾಲು ಜಾಲರಿಯಲ್ಲೇ ಉಳಿಯಿತು. ಡಬ್ಬವನ್ನು ಕಪಾಟಿನಿಂದ ಈಚೆಗೆಳೆದು, ಮಂಡಿಗಳ ನಡುವೆ ಹಿಡಿದು, ನಾಲ್ಕು ಕ್ಲಿಪ್ಪನ್ನೂ ಪಟಪಟ ತೆಗೆದು ಮುಚ್ಚಳ ಎತ್ತಿದ.

ಇಡೀ ಊರಿನ ವಾಲ್ವುಗಳನ್ನು ಮೂವತ್ತೊಂದು ವರ್ಷ ತಿರುಗಿಸಿದ ಮಹಾನುಭಾವ, ಆ ಎರಡು ನೀಲಿ ಹಿಡಿ ತಿರುಗಿಸಲು ಮರೆತಿದ್ದ!

ಮೇಲಿನ ತೊಟ್ಟಿಯ ನೀರು ಎರಡೂ ಪೈಪುಗಳಿಂದ ಭೋರೆಂದು ಕೆಳಗಿಳಿಯಿತು. ಡಬ್ಬ ತುಂಬಿ ತುಳುಕಿತು. ತಡೆಯಲು ಅವನು ಒಂದು ಪೈಪಿಗೆ ಎಡಗೈ ಹೆಬ್ಬೆರಳು, ಇನ್ನೊಂದಕ್ಕೆ ಬಲಗೈ ಹೆಬ್ಬೆರಳು ತುರುಕುವಷ್ಟರಲ್ಲಿ ಮೂವತ್ತು ಲೀಟರು ನೆಲದ ಮೇಲಿತ್ತು. ಈಗ ಎರಡು ಕೈಯೂ ಹೊರಗೆ ಬರುವಂತಿಲ್ಲ. ಮಂಡಿ ಸಡಿಲಿಸಿದರೆ ಡಬ್ಬ ಉರುಳುತ್ತದೆ. ನೀಲಿ ಹಿಡಿಗಳು ಮೂಗಿನಿಂದ ಒಂದು ಗೇಣು ದೂರ. ಮೂಗಿನಿಂದ ತಿರುಗಿಸಲು ನೋಡಿದ. ಗಲ್ಲದಿಂದ ನೋಡಿದ. ಹಲ್ಲಿನಿಂದ ನೋಡಿದ. ಗೋಡೆಯ ಗಡಿಯಾರ ಮೂರೂ ಇಪ್ಪತ್ತೈದು ತೋರಿಸಿತು. ಡಬ್ಬದೊಳಗೆ ಬಗ್ಗಿ ನೋಡಿದರೆ ಕಪ್ಪು ನೀರು. ಏನಾದರೂ ಅಲುಗಿತೇ? ಅವನದೇ ಮೂಗಿನ ನೆರಳು.

"ಇರಿ, ಇರಿ," ಎಂದು ಓತಾ ಕತ್ತಲೆಗೆ ಹೇಳಿದ. "ದಯವಿಟ್ಟು ಸಾಯಬೇಡಿ. ನಿಮ್ಮ ದಮ್ಮಯ್ಯ."

ಮೂರೂ ನಲವತ್ತಕ್ಕೆ ಯಾರೋ ಬಾಗಿಲು ದಬದಬ ಬಡಿದರು.

"ಕ್ರೆಪೆಲ್ಕಾ! ನಮ್ಮ ಅಡುಗೆಮನೇಲಿ ಮಳೆ ಬರ್ತಿದೆ!"

ಕೆಳಗಿನ ಮನೆಯ ಸೌಕುಪೋವಾ. ಎಂಬತ್ತನಾಲ್ಕರ ಆಕೆ ಏಳನೇ ತರಗತಿಯಲ್ಲಿ ಓತಾನಿಗೆ ಗಣಿತ ಹೇಳಿಕೊಟ್ಟಿದ್ದರು. ಆವತ್ತಿನ ಅಭಿಪ್ರಾಯವನ್ನು ಇವತ್ತಿಗೂ ಬದಲಾಯಿಸಿಕೊಂಡಿರಲಿಲ್ಲ.

"ಗೊತ್ತು ಟೀಚರ್! ಎದ್ದು ಬರೋಕೆ ಆಗಲ್ಲ ಟೀಚರ್!"

"ಯಾಕಾಗಲ್ಲ?"

"ಕೈ ತೆಗೆದರೆ ಇನ್ನೂ ಐವತ್ತು ಲೀಟರು ನಿಮ್ಮ ಮನೆಗೆ ಬರುತ್ತೆ ಟೀಚರ್! ಬೊಜೆನಾ ಕೊಟ್ಟ ಬೀಗದ ಕೈ ನಿಮ್ಮ ಹತ್ತಿರ ಇದೆಯಲ್ಲ, ತೆಗೀರಿ!"

ಬೀಗ ತಿರುಗಿತು. ಟೀಚರ್ ಒಳಗೆ ಬಂದರು. ತಲೆಯ ಮೇಲೆ ಬಿಚ್ಚಿದ ಕೊಡೆ. ನೆನೆದ ಚಪ್ಪಲಿ. ನೆಲದ ಮೇಲೆ ಡಬ್ಬವನ್ನು ತಬ್ಬಿಕೊಂಡು ಕೂತ ಹಳೆಯ ಶಿಷ್ಯನನ್ನು ಆಪಾದಮಸ್ತಕ ನೋಡಿದರು.

"ಆ ನೀಲಿ ಹಿಡಿಗಳನ್ನ ಬಲಕ್ಕೆ ತಿರುಗಿಸಿ ಟೀಚರ್, ಬೇಗ!"

"ನಿನ್ನ ಬಲಕ್ಕೋ, ನನ್ನ ಬಲಕ್ಕೋ?"

"ಟೀಚರ್!"

"ಪ್ರಶ್ನೆಯನ್ನ ಸರಿಯಾಗಿ ಕೇಳೋದು ನೀನು ಯಾವತ್ತೂ ಕಲೀಲಿಲ್ಲ," ಎನ್ನುತ್ತಾ ಆಕೆ ಕೊಡೆ ಮಡಿಸದೆಯೇ ಬಗ್ಗಿ, ಎರಡು ಹಿಡಿಗಳನ್ನೂ ತಿರುಗಿಸಿದರು. ನೀರು ನಿಂತಿತು. ಓತಾನ ಹೆಬ್ಬೆರಳುಗಳು ಒಣದ್ರಾಕ್ಷಿಯಂತಾಗಿದ್ದವು.

ನಡೆದದ್ದನ್ನು ಅವನು ಮೂರೇ ವಾಕ್ಯದಲ್ಲಿ ಹೇಳಿದ. ಬೈಯುತ್ತಾರೆಂದು ತಲೆ ತಗ್ಗಿಸಿದ. ಟೀಚರ್ ಕೊಡೆಯನ್ನು ಮೂಲೆಗಿಟ್ಟು ಕೇಳಿದರು: "ರೈಲು ಎಷ್ಟು ಹೊತ್ತಿಗೆ?"

"ಐದೂವರೆಗೆ ಮನೆ ಬಾಗಿಲಲ್ಲಿರ್ತಾಳೆ."

"ಹಾಗಾದರೆ ಅಳ್ತಾ ಕೂರಬೇಡ. ಸೂಪಿನ ತಟ್ಟೆಗಳನ್ನೆಲ್ಲ ತಾ. ನಲ್ಲಿ ನೀರು ಹಾಕಬೇಡ, ದೊಡ್ಡ ನ್ಯೂಟ್‌ಗಳ ತೊಟ್ಟಿಯಿಂದ ಮೊಗೆದು ಹಾಕು. ಬೊಜೆನಾ ಹಾಗೆ ಮಾಡೋದನ್ನ ನೋಡಿದೀನಿ."

ನೀರು ಶೋಧಿಸಲು ಹೊರಟಿದ್ದ ಓತಾ ಈಗ ಮರಿಗಳನ್ನು ಶೋಧಿಸತೊಡಗಿದ. ಕ್ರಿಯಾಪದ ಒಂದೇ, ಪಾಡು ಎಷ್ಟು ಬೇರೆ! ಡಬ್ಬದ ನೀರನ್ನು ಮೆಲ್ಲಗೆ ಬಕೀಟಿಗೆ ಬಸಿದು, ಮೊದಲ ಜರಡಿ ಎತ್ತಿದ: ಏನಿಲ್ಲ. ಎರಡನೆಯದು: ಏನಿಲ್ಲ. ಮೂರನೆಯದನ್ನೂ ಎತ್ತಿದ. ತಳದಲ್ಲಿ ಎರಡು ಬೆರಳು ನೀರು. ಟೀಚರ್ ಟಾರ್ಚು ಬಿಟ್ಟರು. ಬೆಳಕು ಬಿದ್ದದ್ದೇ ತಡ, ತಳವೆಲ್ಲ ಪುಳಪುಳನೆ ಎದ್ದಿತು!

"ಇದಾವೆ! ಟೀಚರ್, ಜೀವಂತ ಇದಾವೆ!" ಓತಾನ ಗಂಟಲು ಮೂರಲ್ಲ, ಆರು ಮೋಟಾರುಗಳನ್ನು ಮೀರಿತು.

"ಕೂಗಬೇಡ. ಎಣಿಸು. ತಟ್ಟೆಗೆ ಹತ್ತು."

ಒಂದು ಚಮಚದಿಂದ ಓತಾ, ಇನ್ನೊಂದರಿಂದ ಟೀಚರ್. ಆಕೆಯ ಚಮಚಕ್ಕೆ ಬಂದ ಒಂದು ಮರಿಯೂ ಜಾರಲಿಲ್ಲ. ಹತ್ತು. ಇಪ್ಪತ್ತು. ಮೂವತ್ತು. ಮೂವತ್ತೊಂಬತ್ತಕ್ಕೆ ಬಂದಾಗ ಗಡಿಯಾರ ಐದು ಹೊಡೆಯಿತು. ನಲವತ್ತು. ನಲವತ್ತೊಂದು. ತೊಟ್ಟಿಯಲ್ಲಿದ್ದ ಮೂರು ಕಾಲಿನದು ಸೇರಿ ನಲವತ್ತೆರಡು. ಅಲ್ಲಿಗೆ ಡಬ್ಬ ಬರಿದಾಯಿತು. ಮೂರು ಸಲ ತೊಳೆದು ನೋಡಿದರು. ಪೈಪು ಊದಿ ನೋಡಿದರು. ಬರಿದೇ ಬರಿದು.

"ನೀನು ನಲವತ್ಮೂರು ಅಂದೆ," ಎಂದರು ಟೀಚರ್.

"ನಲವತ್ಮೂರೇ."

ಅವರಿಬ್ಬರೂ ಮತ್ತೆ ತಟ್ಟೆಗಳನ್ನು ಎಣಿಸುತ್ತಿರುವಾಗಲೇ ಬಾಗಿಲು ತೆರೆಯಿತು.

ಬೊಜೆನಾ ಕೋಟು ತೆಗೆಯಲಿಲ್ಲ. ಒದ್ದೆ ನೆಲ ನೋಡಿದಳು. ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿದ್ದ ಸೂಪಿನ ತಟ್ಟೆಗಳನ್ನು ನೋಡಿದಳು. ಕಪ್ಪು ಡಬ್ಬ ನೋಡಿದಳು. ಗಂಡನನ್ನು ಮಾತ್ರ ನೋಡಲಿಲ್ಲ. ಕೈ ತೊಳೆದುಕೊಂಡು ಬಂದು, ಒಂದೊಂದೇ ತಟ್ಟೆಯ ಮೇಲೆ ಬಗ್ಗಿ ತುಟಿ ಅಲುಗಿಸುತ್ತಾ ಎಣಿಸಿದಳು. ಆಮೇಲೆ ಉತ್ತರದ ಕೋಣೆಗೆ ಹೋಗಿ, ನೀರು ಹರಿದ ಜಾಡು ಹಿಡಿದು, ಮಂಡಿಯೂರಿ, ಕಪಾಟಿನ ಕಾಲಿನ ಹಿಂದೆ ಕೈ ಹಾಕಿದಳು. ಎದ್ದಾಗ ಅಂಗೈಯಲ್ಲಿ ನಲವತ್ಮೂರನೆಯದಿತ್ತು. ಅದು ಅಲುಗುತ್ತಿರಲಿಲ್ಲ.

ಟೀಚರ್ ಕೊಡೆ ತೆಗೆದುಕೊಂಡು ಮೆಲ್ಲಗೆ ಕೆಳಗಿಳಿದು ಹೋದರು.

"ಬೊಜೆನಾ, ನಾನು..." ಎಂದ ಓತಾ.

"ಸ್ಪಂಜು ಎಲ್ಲಿ?"

"ತೊಳೆದೆ."

"ಹೇಗೆ ತೊಳೆದೆ?"

ಸುಳ್ಳು ಹೇಳಲು ಬಾಯಿ ತೆರೆದ. ಆಗಲಿಲ್ಲ. "ಬಿಸಿನೀರಲ್ಲಿ. ಸೋಪು ಹಾಕಿ."

ಬೊಜೆನಾ ಕುರ್ಚಿಯ ಮೇಲೆ ಕುಸಿದಳು. "ಹಾಗಾದರೆ ಅದರಲ್ಲಿ ಏನೂ ಉಳಿದಿಲ್ಲ. ಮರಿಗಳನ್ನ ತೊಟ್ಟಿಗೆ ಬಿಟ್ಟರೂ ಸೋಮವಾರದೊಳಗೆ ಅವುಗಳ ಉಚ್ಚೆಯೇ ಅವನ್ನ ಕೊಲ್ಲುತ್ತೆ."

ಬೊಜೆನಾ ಎದ್ದು, ಕತ್ತರಿ ತೆಗೆದುಕೊಂಡು, ದೊಡ್ಡ ನ್ಯೂಟ್‌ಗಳ ತೊಟ್ಟಿಯಲ್ಲಿದ್ದ ಇನ್ನೊಂದು ಸ್ಪಂಜನ್ನು ಹೊರತೆಗೆದಳು. ಕರ್ರಗಿತ್ತು, ಲೋಳೆಯಾಗಿತ್ತು, ಹಳೇ ಕೆರೆಯ ವಾಸನೆ ಹೊಡೆಯುತ್ತಿತ್ತು. ಓತಾ ಜನ್ಮದಲ್ಲಿ ಅಷ್ಟು ಸುಂದರವಾದ ವಸ್ತುವನ್ನು ಕಂಡಿರಲಿಲ್ಲ! ಅದನ್ನು ಎರಡು ತುಂಡು ಮಾಡಿ, ಅರ್ಧವನ್ನು ಅಲ್ಲೇ ಬಿಟ್ಟು, ಇನ್ನರ್ಧಕ್ಕೆ ಕೊಳವೆ ಸಿಕ್ಕಿಸಿ ಮರಿಗಳ ತೊಟ್ಟಿಗೆ ಇಳಿಸಿದಳು. ಗುಳುಗುಳು ಶುರುವಾಯಿತು.

"ಅರ್ಧ ಸ್ಪಂಜು ಸಾಲೋದಿಲ್ಲ. ಎರಡು ಗಂಟೆಗೊಮ್ಮೆ ಎರಡು ಲೋಟ ನೀರು ತೆಗೆದು, ದೊಡ್ಡ ತೊಟ್ಟಿಯಿಂದ ಎರಡು ಲೋಟ ಹಾಕಬೇಕು. ಲೋಟದಲ್ಲಿ. ಪಂಪಿನಲ್ಲಿ ಅಲ್ಲ."

"ಹೂಂ."

"ಇನ್ನು ಮೇಲೆ ಫ್ರಿಜ್ಜು ಅಂತ ಹೇಳಬೇಡ ಓತಾ. ಮರಿ ಸತ್ತಿದ್ದಕ್ಕಿಂತ ಅದು ಜಾಸ್ತಿ ನೋಯ್ತು."

ಶನಿವಾರ, ಭಾನುವಾರ ಓತಾ ಲೋಟ ಹಿಡಿದು ಓಡಾಡಿದ. ಇಡೀ ಊರಿಗೆ ನೀರು ಕುಡಿಸಿದವನು ನಲವತ್ತೆರಡು ಮರಿಗಳಿಗೆ ಲೋಟದಲ್ಲಿ ನೀರು ಮೊಗೆದ. ಮಧ್ಯೆ ಮಧ್ಯೆ ಕೆಳಗೆ ಹೋಗಿ ಟೀಚರ್ ಮನೆಯ ಚಾವಣಿಗೆ ಸುಣ್ಣ ಬಳಿದ. ಪ್ರತಿ ಸಲ ತೊಟ್ಟಿಯ ಮುಂದೆ ಬಗ್ಗಿದಾಗಲೂ ಒಂದಾದರೂ ಅಂಗಾತ ಬಿದ್ದಿದೆಯೇ ಎಂದು ಮೊದಲು ಅರ್ಧ ಕಣ್ಣು ತೆರೆದು ನೋಡುತ್ತಿದ್ದ. ಬಿದ್ದಿರಲಿಲ್ಲ. ಮೂರು ಕಾಲಿನದು ಗಾಜಿನ ಹತ್ತಿರವೇ ಕೂತು ಅವನನ್ನು ದಿಟ್ಟಿಸುತ್ತಿತ್ತು.

"ಕಾಲು ಮತ್ತೆ ಬರುತ್ತೆ," ಎಂದಳು ಬೊಜೆನಾ ಭಾನುವಾರ ಸಂಜೆ. ಎರಡು ದಿನದಲ್ಲಿ ಕೆಲಸದ ಮಾತು ಬಿಟ್ಟು ಅವಳು ಆಡಿದ ಮೊದಲ ಮಾತು ಅದು. "ಎರಡು ತಿಂಗಳು ಬೇಕು. ಇವುಗಳಿಗೆ ಹಾಗೆ ಬೆಳೆಯುತ್ತೆ."

ಸೋಮವಾರ ಹತ್ತು ಗಂಟೆಗೆ ಡಾಕ್ಟರ್ ಹಾವ್ಲೋವಾ ಬಂದರು. ಬೊಜೆನಾ ಏನನ್ನೂ ಮುಚ್ಚಿಡಲಿಲ್ಲ. ಓತಾ ಬಾಗಿಲ ಪಕ್ಕ ಪರೀಕ್ಷೆಯಲ್ಲಿ ಫೇಲಾದವನಂತೆ ನಿಂತಿದ್ದ. ಡಾಕ್ಟರು ಭೂತಗನ್ನಡಿ ಹಿಡಿದು ಮರಿಗಳನ್ನು ಬಹಳ ಹೊತ್ತು ನೋಡಿ, ಸ್ಪಂಜನ್ನು ನೋಡಿ ತಲೆದೂಗಿದರು.

"ನಲವತ್ತೊಂದನ್ನ ತಗೊಳ್ತೀನಿ. ಮೂರು ಕಾಲಿಂದು ಕಾಲು ಬರೋವರೆಗೆ ನಿಮ್ಮ ಹತ್ತಿರವೇ ಇರಲಿ. ಬಹಳ ಒಳ್ಳೆ ಕೆಲಸ ಮಾಡಿದೀರಿ ಬೊಜೆನಾ ಅವರೇ." ಹೊರಡುವಾಗ ಅವರ ಕಣ್ಣು ಮೂಲೆಯಲ್ಲಿದ್ದ ಕಪ್ಪು ಡಬ್ಬದ ಮೇಲೆ ಬಿತ್ತು. "ಓಹೋ! ಇದೇನಾ ಆ ಯಂತ್ರ? ಭರ್ಜರಿಯಾಗಿದೆಯಲ್ಲ! ಗಂಟೆಗೆ ಎಷ್ಟು?"

"ಸಾವಿರದ ಇನ್ನೂರು ಲೀಟರು!" ಮೂರು ದಿನದಿಂದ ಬಗ್ಗಿದ್ದ ಓತಾನ ಬೆನ್ನು ತಾನಾಗಿ ನೆಟ್ಟಗಾಯಿತು.

"ಇಂಥದೇ ಒಂದನ್ನ ಹುಡುಕ್ತಿದ್ವಿ. ಕೊಡ್ತೀರಾ?"

"ಖಂಡಿತ ಡಾಕ್ಟರ್! ಸಂತೋಷವಾಗಿ! ಯಾವ ನ್ಯೂಟ್‌ಗೆ?"

"ನ್ಯೂಟ್‌ಗಲ್ಲ. ನೀರಾನೆ ಮರಿ ಹಾಕಿದೆ, ಅದರ ಸ್ನಾನದ ತೊಟ್ಟಿಗೆ."

ಬೊಜೆನಾ ಗೋಡೆ ಹಿಡಿದುಕೊಂಡಳು. ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಓತಾ ಗಾಬರಿಯಾದ. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು!

"ತಗೊಂಡು ಹೋಗಿ ಡಾಕ್ಟರ್," ಎಂದಳು ಉಸಿರು ಹಿಡಿದು. "ಯಂತ್ರದ ಜೊತೆ ನಡೆಸೋನೂ ಬೇಕಲ್ಲ? ಇವನನ್ನೂ ಕಳಿಸ್ತೀನಿ. ದಿನಕ್ಕೆರಡು ಸಲ ಗೂಲಾಷ್ ಹಾಕಿದರೆ ಸಾಕು."

ಡಾಕ್ಟರ್ ಹಾವ್ಲೋವಾ ಭೂತಗನ್ನಡಿಯನ್ನು ಮತ್ತೆ ಹೊರತೆಗೆದು, ಓತಾನನ್ನು ಮೇಲಿಂದ ಕೆಳಗೆ ಪರೀಕ್ಷಿಸಿ, ಗಂಭೀರವಾಗಿ ಕೇಳಿದರು: "ಕಚ್ಚೋದಿಲ್ಲ ತಾನೆ?"

"ಅಯ್ಯೋ, ಬಹಳ ಸಾಧು," ಎಂದಳು ಬೊಜೆನಾ. "ಒಬ್ಬನನ್ನೇ ಬಿಡಬಾರದು, ಅಷ್ಟೇ."